ಬರ್ಲಿನ್‌ನ ಆ ಒಂದು ರಾತ್ರಿಯನ್ನು ಬಿಡಬೇಡ

ಪ್ರೀತಿಯ ಪುಟ್ಟಿಗೆ,

ನಿನ್ನ ಪ್ರಬಂಧದ ಮೊದಲ ಅಧ್ಯಾಯ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಅಮೆರಿಕದ ರಾಜಕೀಯ ವಿಜ್ಞಾನಿ ಕೆನೆತ್ ವಾಲ್ಟ್ಜ್ ಸಿದ್ಧಾಂತ ಒಂದಿದ್ದರೆ ಸಾಕು, ದೇಶದೇಶಗಳ ನಡುವಿನ ಎಲ್ಲವೂ ಅರ್ಥವಾಗುತ್ತದೆ ಎನ್ನುವ ಧಾಟಿ ಇದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ.

1979ರಲ್ಲಿ ಅವರು ಹೇಳಿದ್ದೇನು? ದೇಶದೊಳಗೆ ಏನು ನಡೀತಿದೆ ಎನ್ನುವುದನ್ನು ಬದಿಗಿಡಿ, ಯಾರ ಹತ್ತಿರ ಎಷ್ಟು ಬಲವಿದೆ ನೋಡಿ ಅಂತ. ಎರಡೇ ಮಹಾಶಕ್ತಿಗಳಿದ್ದರೆ ಜಗತ್ತು ಹೆಚ್ಚು ಸ್ಥಿರವಾಗಿರುತ್ತದೆ ಅಂತಲೂ ವಾದಿಸಿದರು. ಹನ್ನೆರಡು ವರ್ಷಕ್ಕೆ, 1991ರ ಡಿಸೆಂಬರ್‌ನಲ್ಲಿ, ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಯಾರೂ ಯುದ್ಧ ಮಾಡಿ ಸೋಲಿಸಲಿಲ್ಲ, ಅಣ್ವಸ್ತ್ರಗಳೆಲ್ಲ ಇದ್ದ ಹಾಗೇ ಇದ್ದವು.

ದೂರದ ಬೆಟ್ಟ ನುಣ್ಣಗೆ ಅಂತೀವಲ್ಲ, ಸ್ವಲ್ಪ ಹತ್ತಿರ ಹೋಗಿ ನೋಡು. 1989ರ ನವೆಂಬರ್ 9ರ ಸಂಜೆ, ಪೂರ್ವ ಜರ್ಮನಿಯ ಆಳುವ ಪಕ್ಷದ ಗುಂಟರ್ ಶಾಬೋವ್ಸ್ಕಿ ಪತ್ರಕರ್ತರ ಮುಂದೆ ಹೊರದೇಶ ಪ್ರಯಾಣದ ಹೊಸ ನಿಯಮ ಓದುತ್ತಾರೆ. ಯಾವಾಗಿನಿಂದ ಜಾರಿ ಅಂತ ಪ್ರಶ್ನೆ ಬರುತ್ತದೆ. ಅವರು ಕೈಯಲ್ಲಿದ್ದ ಕಾಗದ ತಿರುವಿ ಹಾಕಿ, ನನಗೆ ತಿಳಿದ ಮಟ್ಟಿಗೆ ಈಗಿನಿಂದಲೇ ಅಂದುಬಿಡುತ್ತಾರೆ. ಅದು ಮರುದಿನ ಜಾರಿಗೆ ಬರಬೇಕಿದ್ದ ನಿಯಮ! ಸುದ್ದಿ ಕೇಳಿದ ಜನ ಬರ್ಲಿನ್ ಗೋಡೆಯಲ್ಲಿದ್ದ ಬಾರ್ನ್‌ಹೋಲ್ಮರ್ ರಸ್ತೆಯ ಗೇಟಿನ ಮುಂದೆ ಸಾವಿರಗಟ್ಟಲೆ ಸೇರಿದರು. ಕಾವಲಿನ ಅಧಿಕಾರಿ ಹರಾಲ್ಡ್ ಯೇಗರ್ ಮೇಲಿನವರಿಗೆ ಮತ್ತೆ ಮತ್ತೆ ಫೋನ್ ಮಾಡಿದರು, ಸರಿಯಾದ ಉತ್ತರ ಸಿಗಲಿಲ್ಲ, ಹೊರಗೆ ಗದ್ದಲ ಜಾಸ್ತಿಯಾಗುತ್ತಲೇ ಇತ್ತು, ಕೊನೆಗೆ ಹನ್ನೊಂದೂವರೆ ಸುಮಾರಿಗೆ ಗೇಟು ತೆಗೆಸಿದರು. ಗುಂಡು ಹಾರಲಿಲ್ಲ. ಬಲದ ಲೆಕ್ಕದಲ್ಲಿ ಆ ಮನುಷ್ಯನನ್ನು ಎಲ್ಲಿ ಇಡ್ತೀಯ, ಹೇಳು.

ತಮ್ಮ ಸಿದ್ಧಾಂತ ಕೆಲವೇ ಕೆಲವು ದೊಡ್ಡ ವಿಷಯಗಳಿಗೆ ಮಾತ್ರ ಅಂತ ವಾಲ್ಟ್ಜ್ ತಾವೇ ಹೇಳಿದ್ದರು, ಅದನ್ನು ಮರೆಯದೆ ಬರಿ. ಆದರೆ ಶೀತಲ ಸಮರ ಮುಗಿದದ್ದಕ್ಕಿಂತ ದೊಡ್ಡ ವಿಷಯ ಇನ್ಯಾವುದಿತ್ತು, ಅಲ್ವಾ?

ಹಾಗಂತ ಇದನ್ನು ಬಿಟ್ಟು ಇನ್ನೊಂದು ದೊಡ್ಡ ಸಿದ್ಧಾಂತಕ್ಕೆ ಜೋತುಬೀಳಬೇಡ. ಜಗತ್ತಿನ ಜಗಳಗಳಿಗೆ ನಾಗರಿಕತೆಗಳ ನಡುವಿನ ಭೇದವೇ ಮೂಲ ಎಂದವರು ಅಮೆರಿಕದ ಇನ್ನೊಬ್ಬ ರಾಜಕೀಯ ವಿಜ್ಞಾನಿ ಸ್ಯಾಮ್ಯುಯೆಲ್ ಹಂಟಿಂಗ್‌ಟನ್. ನಾಗರಿಕತೆಯೇ ಮುಖ್ಯ ಎನ್ನುವುದಾದರೆ ಒಂದೇ ನಾಗರಿಕತೆಯ ರಷ್ಯಾ, ಉಕ್ರೇನ್ ಜನರ ನಡುವೆ ಹಿಂಸೆಯ ಸಾಧ್ಯತೆ ಕಡಿಮೆ ಅಂತ ಅವರು 1993ರಲ್ಲಿ ಬರೆದಿದ್ದರು. 2022ರಿಂದ ಏನಾಗಿದೆ ನಿನಗೇ ಗೊತ್ತು.

ಎರಡನೇ ಅಧ್ಯಾಯಕ್ಕೆ ಕೈ ಹಾಕುವ ಮೊದಲು, ಏನಾದರೆ ವಾಲ್ಟ್ಜ್ ಸಿದ್ಧಾಂತ ತಪ್ಪು ಅಂತ ಒಪ್ಪುತ್ತೀಯ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದಿಡು. ಆಮೇಲೆ ಕರಡು ಕಳಿಸು. ಯೇಗರ್‌ಗೆ ಒಂದು ಪುಟವಾದರೂ ಇರಲಿ.

ನಿನ್ನ ದೊಡ್ಡಪ್ಪ