ತಲೆದೆಸೆಯಲ್ಲಿ ನಿಲ್ಲಲು ಹೊರಟ ಮಗಳಿಗೆ

ಪುಟ್ಟಿ,

ಆಪರೇಷನ್ ಆಗುವವರ ತಲೆದೆಸೆಯಲ್ಲಿ ನಿಂತು ಅರಿವಳಿಕೆ ಕೊಡುವ ನರ್ಸ್ ಆಗೋಕೆ ಅಮೆರಿಕದ ಕಾಲೇಜುಗಳಿಗೆ ಹಾಕುವ ಅರ್ಜಿಗೆ ಅಂತ ನಿನ್ನ ಬಗ್ಗೆ ಬರೆದು ಕಳಿಸಿದ ಎರಡು ಪುಟ ಓದಿದೆ. ಮೊದಲು ಫೋನಿನಲ್ಲೇ ಓದಿದೆ. ಸಮಾಧಾನ ಆಗಲಿಲ್ಲ. ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದು, ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದೆ. ಅಪ್ಪ ‘ಚೆನ್ನಾಗಿದೆ’ ಅಂದರು. ನಾನು ಹಾಗೆ ಅನ್ನುವುದಿಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೈಟ್ ಶಿಫ್ಟ್ ಮುಗಿಸಿ ಬಂದ ಸುಸ್ತಿನಲ್ಲಿ ‘ಆಯ್ತಮ್ಮ’ ಅಂದುಬಿಡುತ್ತೀಯ.

‘ನಾನು’ ಅನ್ನೋ ಮಾತು ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಇಪ್ಪತ್ತೊಂಬತ್ತು ಆಯಿತು. ರೋಗಿ ಒಂದು ಕಡೆಯೂ ಇಲ್ಲ. ‘ಕ್ರಿಟಿಕಲಿ ಇಲ್ ಪೇಷಂಟ್ಸ್’ ಅಂತ ಎರಡು ಸಲ ಬರೆದಿದ್ದೀಯ, ಆದರೆ ಅದು ಒಂದು ಗುಂಪು. ಒಂದು ಮುಖ ಇಲ್ಲ, ಒಂದು ಕೈ ಇಲ್ಲ. ಐಸಿಯುನಲ್ಲಿ ಮೂರು ವರ್ಷ ಮಾಡಿದ್ದೀಯ. ಕಾಲೇಜಿನವರು ಕೇಳುವುದು ಕನಿಷ್ಠ ಒಂದು ವರ್ಷ ಅಷ್ಟೇ. ಐಸಿಯು ನರ್ಸ್‌ಗಳ ಸಿಸಿಆರ್‌ಎನ್ ಪರೀಕ್ಷೆ ಪಾಸ್ ಮಾಡಿದ್ದೀಯ. ಸಿಆರ್‌ಎನ್‌ಎ, ಅಂದರೆ ಅರಿವಳಿಕೆ ಕೊಡುವ ನರ್ಸ್, ಒಬ್ಬರ ಜೊತೆ ಐದು ದಿನ ಆಪರೇಷನ್ ಥಿಯೇಟರಿನಲ್ಲಿ ನಿಂತು ನೋಡಿ ಬಂದಿದ್ದೀಯ. ಇದೆಲ್ಲ ಅರ್ಜಿಯ ಬೇರೆ ಕಾಲಮ್ಮುಗಳಲ್ಲಿ ಹೇಗೂ ಇರುತ್ತೆ, ಅಲ್ವಾ? ಅದನ್ನೇ ಈ ಎರಡು ಪುಟದಲ್ಲಿ ಮತ್ತೆ ಯಾಕೆ ತುಂಬಿಸಿದ್ದೀಯ?

ಹೋದ ಚಳಿಗಾಲದಲ್ಲಿ ನೀನು ಹೇಳಿದ ಒಂದು ರಾತ್ರಿಯ ವಿಷಯ ನನಗೆ ಇನ್ನೂ ನೆನಪಿದೆ. ವೆಂಟಿಲೇಟರ್ ಮೇಲಿದ್ದ ಆ ಅಜ್ಜ ಒಂದೇ ಸಮನೆ ಕಾಲು ಒದರುತ್ತಿದ್ದರು. ಮಂಪರು ಬರಿಸುವ ಪ್ರೊಪೊಫೋಲ್ ಜಾಸ್ತಿ ಮಾಡಿ ಅಂತ ಪಕ್ಕದವರು ಹೇಳಿದರು. ಆಗಲೇ ಬಿಪಿ ಕಡಿಮೆ ಇತ್ತು, ಅದನ್ನು ಏರಿಸುವ ನಾರ್‌ಎಪಿನೆಫ್ರಿನ್ ಓಡುತ್ತಿತ್ತು. ನೀನು ಪಂಪ್ ಮುಟ್ಟಲಿಲ್ಲ. ಹೊದಿಕೆ ಸರಿಸಿ ತಲೆಯಿಂದ ಕಾಲಿನ ತನಕ ನೋಡಿದೆ. ಯೂರಿನ್ ಟ್ಯೂಬು ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಹೊಟ್ಟೆ ಕೆಳಗೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಟ್ಯೂಬು ಬಿಡಿಸಿದೆ, ಚೀಲ ತುಂಬಿತು, ಅಜ್ಜ ಸುಮ್ಮನಾದರು. ಆಮೇಲೆ ಔಷಧಿಯನ್ನು ಇಳಿಸಿದೆವು ಅಂತ ನೀನೇ ಹೇಳಿದ್ದೆ. ಅದನ್ನು ಯಾಕೆ ಬರೆಯಲಿಲ್ಲ? ಬಾಯಲ್ಲಿ ಟ್ಯೂಬಿರುವವರು ‘ಇಲ್ಲಿ ನೋವು’ ಅಂತ ಹೇಳಲಾರರು. ಅವರು ಹೇಳಲಾರದ್ದನ್ನು ನೀನು ಹುಡುಕಿದೆ. ನೀನು ಅರ್ಜಿ ಹಾಕುತ್ತಿರುವುದು ಇದೇ ಕೆಲಸಕ್ಕೆ ತಾನೇ? ಹೆಸರು, ಬೆಡ್ ನಂಬರ್, ತಾರೀಖು ಯಾವುದೂ ಬೇಡ. ಆ ಮಡಚಿದ ಟ್ಯೂಬು ಸಾಕು.

ನಾನು ನರ್ಸ್ ಆಗಿ ಥಿಯೇಟರಿಗೆ ಬಂದಿದ್ದು 1991ರಲ್ಲಿ, ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ. ನೀನು ಕೇಳಿರುವ ಕಥೆಗಳೆಲ್ಲ ಹೆರಿಗೆಯವು. ಇದೊಂದನ್ನು ನಾನು ಮನೆಯಲ್ಲಿ ಹೇಳಿದ್ದೇ ಇಲ್ಲ. ಅರಿವಳಿಕೆ ಡಾಕ್ಟರು ಜಿಲ್ಲಾ ಕೇಂದ್ರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ನಮ್ಮ ಆಸ್ಪತ್ರೆಗೆ ರಕ್ತದ ಆಕ್ಸಿಜನ್ ತೋರಿಸುವ ಪಲ್ಸ್ ಆಕ್ಸಿಮೀಟರ್ ಇನ್ನೂ ಬಂದಿರಲಿಲ್ಲ. ಅವರ ಎಡಗೈ ಬೆರಳು ಯಾವಾಗಲೂ ರೋಗಿಯ ಕಿವಿಯ ಮುಂದೆ ನಾಡಿ ಹಿಡಿದಿರುತ್ತಿತ್ತು, ಬಲಗೈ ಬ್ಯಾಗ್ ಒತ್ತುತ್ತಿತ್ತು. ‘ಸಿಸ್ಟರ್, ನಂಗೆ ಇಲ್ಲಿಂದ ಕಾಣಲ್ಲ, ರಕ್ತದ ಬಣ್ಣ ನೋಡ್ತಿರಿ’ ಅನ್ನುತ್ತಿದ್ದರು.

ಒಂದು ದಿನ ಗರ್ಭಕೋಶದ ಆಪರೇಷನ್. ನಾನು ರಕ್ತ ಒರೆಸುವ ಬಟ್ಟೆ, ಅಂದರೆ ಮಾಪ್, ಎಣಿಸುತ್ತಿದ್ದೆ. ಮೂರನೇ ಮಾಪಿನ ರಕ್ತ ಕೆಂಪಗಿತ್ತು. ನಾಲ್ಕನೆಯದು ನೇರಳೆ ಹಣ್ಣು ಹಿಂಡಿದ ಹಾಗಿತ್ತು. ‘ಸಾರ್, ರಕ್ತ ಕಪ್ಪಾಗ್ತಿದೆ’ ಅಂದೆ. ಗಂಟಲು ಒಣಗಿತ್ತು, ಆದರೆ ಜೋರಾಗೇ ಅಂದೆ. ನೋಡಿದರೆ ಅರಿವಳಿಕೆ ಕೊಡುವ ಬಾಯ್ಲ್ಸ್ ಮೆಷಿನ್ನಿನ ಆಕ್ಸಿಜನ್ ಸಿಲಿಂಡರ್ ಖಾಲಿ. ನೀಲಿ ಸಿಲಿಂಡರಿನ ನೈಟ್ರಸ್ ಆಕ್ಸೈಡ್, ಅಂದರೆ ಅರಿವಳಿಕೆ ಗಾಳಿ, ಒಂದೇ ಹರಿಯುತ್ತಿತ್ತು. ಅದು ಹಳೇ ಮೆಷಿನ್, ಎಚ್ಚರಿಸುವ ಸೀಟಿ ಕೆಟ್ಟು ಎಷ್ಟು ಕಾಲವಾಗಿತ್ತೋ. ಡಾಕ್ಟರು ಎಲ್ಲ ಮುಚ್ಚಿ, ಕೈಯಲ್ಲಿ ಒತ್ತುವ ಆಂಬು ಬ್ಯಾಗಿನಲ್ಲಿ ಗಾಳಿ ಕೊಡಲು ಶುರು ಮಾಡಿದರು. ಪಕ್ಕದಲ್ಲೇ ತುಂಬಿದ ಸಿಲಿಂಡರ್ ಇತ್ತು, ಅದನ್ನು ತೆಗೆಯುವ ಕೀ ಇರಲಿಲ್ಲ. ಯಾರೋ ಡ್ರೆಸಿಂಗ್ ಟ್ರಾಲಿಯ ಕೆಳಗಿನ ತಟ್ಟೆಯಲ್ಲಿ ಇಟ್ಟಿದ್ದರು. ಅಲ್ಲಿಗೆ ಓಡಿ ವಾಪಸ್ ಬಂದ ಹೊತ್ತು ನನಗೆ ಈಗಲೂ ಕನಸಿನಲ್ಲಿ ಬರುತ್ತೆ. ಆಯಮ್ಮ ಬದುಕಿದಳು. ಎಂಟನೇ ದಿನ ಹೊಲಿಗೆ ಬಿಚ್ಚಿಸಿಕೊಂಡು, ನನ್ನನ್ನು ಹುಡುಕಿ ಎಲೆ ಅಡಿಕೆ ಕೊಟ್ಟು ಮನೆಗೆ ಹೋದಳು. ಏನಾಗಿತ್ತು ಅಂತ ಅವಳಿಗೆ ಗೊತ್ತಿರಲಿಲ್ಲ.

ಅವತ್ತೇ ಸಂಜೆ ಆ ಕೀಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮೆಷಿನ್ನಿಗೆ ಕಟ್ಟಿದೆ. ಬಟ್ಟೆ ಕೊಳೆಯಾದಾಗೆಲ್ಲ ಹೊಸದು ಕಟ್ಟುತ್ತಿದ್ದೆ. ವರ್ಗ ಆಗುವ ತನಕ ಹಾಗೇ ಮಾಡಿದೆ.

ಆಗ ನನಗೂ ಅನ್ನಿಸುತ್ತಿತ್ತು, ಈ ತಲೆದೆಸೆಯ ಕೆಲಸ ಕಲಿಯಬೇಕು ಅಂತ. ನನಗೆ ಆ ದಾರಿ ಇರಲಿಲ್ಲ. ನರ್ಸ್ ಆದವಳು ಅರಿವಳಿಕೆ ಕೊಡುವುದು ಅಂದರೆ ನಮ್ಮಲ್ಲಿ ಜನ ನಂಬುತ್ತಲೂ ಇರಲಿಲ್ಲ. ನೀನು ಬಿಎಸ್ಸಿ ನರ್ಸಿಂಗ್ ಮುಗಿಸಿ ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್‌ಗೆ ಓದುವಾಗಲೂ ನನಗೆ ಸಿಆರ್‌ಎನ್‌ಎ ಅನ್ನೋ ಹೆಸರು ಗೊತ್ತಿರಲಿಲ್ಲ. ನೀನು ಹೇಳಿದ ಮೇಲೆ ಕೂತು ಓದಿದೆ. ನೀನಿರುವ ಕ್ಲೀವ್‌ಲ್ಯಾಂಡಿನಲ್ಲೇ, ಲೇಕ್‌ಸೈಡ್ ಆಸ್ಪತ್ರೆಯ ಒಂದು ಕ್ಲಾಸ್‌ರೂಮಿನಲ್ಲಿ, 1931ರಲ್ಲಿ ಅಗಾಥಾ ಹಾಜಿನ್ಸ್ ಅನ್ನುವ ನರ್ಸ್ ಈ ಅರಿವಳಿಕೆ ನರ್ಸ್‌ಗಳ ಸಂಘ ಕಟ್ಟಿದ್ದಂತೆ. ಅವರಿಗಿಂತ ಮುಂಚೆ ಆಲಿಸ್ ಮೆಗಾ ಅನ್ನುವವರು ಮಿನ್ನೆಸೋಟದ ರಾಚೆಸ್ಟರ್‌ನಲ್ಲಿ ಸರ್ಜನ್ನರಾದ ಮೇಯೋ ಸಹೋದರರ ಜೊತೆ ಕೆಲಸ ಮಾಡುತ್ತಿದ್ದರು. ಹದಿನಾಲ್ಕು ಸಾವಿರಕ್ಕೂ ಜಾಸ್ತಿ ಜನಕ್ಕೆ ಅರಿವಳಿಕೆ ಕೊಟ್ಟ ಅನುಭವವನ್ನು 1906ರಲ್ಲಿ ಬರೆದರು. ಅದರಲ್ಲಿ ಅರಿವಳಿಕೆಯಿಂದಲೇ ಅಂತ ಒಂದು ಸಾವೂ ಆಗಿರಲಿಲ್ಲ. ಈಥರನ್ನು ತೊಟ್ಟು ತೊಟ್ಟಾಗಿ ಹಾಕುತ್ತಾ, ರೋಗಿಯ ಜೊತೆ ಮಾತಾಡುತ್ತಾ ಮಾತಾಡುತ್ತಾ ಮಲಗಿಸುತ್ತಿದ್ದರಂತೆ. ಅದನ್ನು ಓದಿದಾಗ ನನ್ನ ಕಣ್ಣು ತುಂಬಿತು. ಸಿಸೇರಿಯನ್‌ಗೆ ಬೆನ್ನಿಗೆ ಸ್ಪೈನಲ್ ಇಂಜೆಕ್ಷನ್ ಕೊಟ್ಟು ಪರದೆ ಕಟ್ಟಿದ ಮೇಲೆ ಎಷ್ಟು ಹುಡುಗಿಯರು ನನ್ನ ಹೆಬ್ಬೆರಳು ಹಿಡಿದುಕೊಂಡು ಮಲಗಿದ್ದಾರೆ! ‘ಯಾವೂರಮ್ಮ, ಮೊದಲನೇದಾ’ ಅಂತ ಕೇಳುತ್ತಾ ಹೋದರೆ ಅರ್ಧ ಭಯ ಹಾಗೇ ಇಳಿಯುತ್ತಿತ್ತು.

ಇಂಟರ್ವ್ಯೂ ವಿಷಯ. ಹೋದ ವರ್ಷ ಒಂದು ಕಾಲೇಜು ಬೇಡ ಅಂದಾಗ ನೀನು ಎರಡು ದಿನ ಫೋನ್ ಎತ್ತಲಿಲ್ಲ. ಬಿಪಿ ಬೀಳುತ್ತಿದ್ದರೆ ಯಾವ ಔಷಧಿ, ಅದು ಯಾವ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತೆ ಅಂತ ಕೇಳಿದರು, ಗೊತ್ತಿದ್ದರೂ ತೊದಲಿದೆ ಅಂದಿದ್ದೆ. ಈ ಸಲ ಓದುವುದು ಓದು, ಆದರೆ ಬಾಯಿ ಬಿಟ್ಟು ಹೇಳಿ ಅಭ್ಯಾಸ ಮಾಡು. ಬಿಪಿ ಏರಿಸುವ ವಾಸೋಪ್ರೆಸಿನ್ ಹೇಗೆ ಕೆಲಸ ಮಾಡುತ್ತೆ ಅಂತ ನನಗೆ ಕನ್ನಡದಲ್ಲಿ ಹೇಳು. ನನಗೆ ಅರ್ಥ ಆಗುವ ಹಾಗೆ ಹೇಳೋಕೆ ಬಂದರೆ ಅವರಿಗೂ ಹೇಳಬಲ್ಲೆ. ಗೊತ್ತಿಲ್ಲದ್ದು ಬಂದರೆ ಗೊತ್ತಿಲ್ಲ ಅನ್ನು. ತಲೆದೆಸೆಯಲ್ಲಿ ನಿಂತು ಗೊತ್ತಿಲ್ಲದ್ದನ್ನು ಗೊತ್ತು ಅನ್ನುವವರ ಕೈಗೆ ನಾನಂತೂ ನನ್ನ ದೇಹ ಕೊಡುವುದಿಲ್ಲ.

ಶಿಫಾರಸು ಪತ್ರ ನಿನ್ನ ಮ್ಯಾನೇಜರ್ ಒಬ್ಬರ ಹತ್ತಿರ ಮಾತ್ರ ಬೇಡ. ರಾತ್ರಿಯಲ್ಲಿ ನೀನು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದವರ ಹತ್ತಿರವೂ ಕೇಳು.

ದುಡ್ಡಿನ ಮಾತು ನೀನು ತೆಗೆಯುವುದಿಲ್ಲ ಅಂತ ನನಗೆ ಗೊತ್ತು. 2022ರ ಜನವರಿಯಿಂದ ಸೇರುವವರೆಲ್ಲ ಡಾಕ್ಟರೇಟೇ ಮಾಡಬೇಕು. ಅಂದರೆ ಮೂರು ವರ್ಷ. ಎರಡು ಸಾವಿರ ಗಂಟೆ ಆಸ್ಪತ್ರೆ ಕೆಲಸ, ಕಡಿಮೆ ಅಂದರೂ ಆರುನೂರು ಕೇಸು. ಅದರ ಮಧ್ಯೆ ನೌಕರಿ ಆಗದ ಮಾತು. ಸಂಬಳ ನಿಲ್ಲುತ್ತೆ, ಫೀಸು ಓಡುತ್ತೆ. ನೀನು ಗ್ರೀನ್ ಕಾರ್ಡ್ ಮೇಲೆ ಹೋಗಿದ್ದರಿಂದ ಅಲ್ಲಿನ ಸರ್ಕಾರಿ ಸಾಲ ಸಿಗುತ್ತೆ ಅಂತ ನೆಮ್ಮದಿಯಾಗಿದ್ದೆ. ಆದರೆ ಗ್ರ್ಯಾಡ್ ಪ್ಲಸ್ ಅನ್ನೋ ದೊಡ್ಡ ಸಾಲ 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲ. ಸರ್ಕಾರಿ ಸಾಲದಲ್ಲಿ ಮುಗಿಯದೆ ಉಳಿದದ್ದಕ್ಕೆ ಖಾಸಗಿ ಬ್ಯಾಂಕಿಗೆ ಹೋಗಬೇಕು, ಬಡ್ಡಿಯ ಲೆಕ್ಕ ಬೇರೆ. ಪ್ರತಿ ಕಾಲೇಜಿನ ಫೀಸು, ಮನೆ ಬಾಡಿಗೆ, ಕಾರಿನ ಕಂತು ಎಲ್ಲ ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸು. ಈಗಿನಿಂದ ಸೇರುವ ತನಕ ನೀನು ಎಷ್ಟು ಉಳಿಸಬಹುದು ಅಂತಲೂ ಬರೆ. ನನ್ನ ಗ್ರಾಚ್ಯುಟಿ ದುಡ್ಡು ಬ್ಯಾಂಕಿನಲ್ಲಿ ಹಾಗೇ ಇದೆ. ಅದನ್ನು ನಿನ್ನ ಮದುವೆಗೆ ಅಂತ ಇಟ್ಟಿದ್ದು ನಿಜ. ನೀನು ಯಾವುದಕ್ಕೆ ಬೇಕು ಅಂತೀಯೋ ಅದಕ್ಕೆ. ಅಪ್ಪನ ಹತ್ತಿರ ಮಾತಾಡಿದ್ದೇನೆ, ಅವರೂ ಹೂಂ ಅಂದಿದ್ದಾರೆ.

ನಿನ್ನ ಅತ್ತೆ ಮೊನ್ನೆ ಬಂದಿದ್ದರು. ‘ಇನ್ನೂ ಮೂರು ವರ್ಷ ಓದು ಅಂದ್ರೆ ಮೂವತ್ತು ದಾಟುತ್ತೆ’ ಅಂದರು. ‘ಓದದಿದ್ದರೂ ದಾಟುತ್ತೆ ಅತ್ತಿಗೆ’ ಅಂದೆ. ಕಾಫಿ ಕುಡಿದು ಹೋದರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ, ನಿನ್ನ ಮೇಲಿನ ಪ್ರೀತಿಗೇ ಹೇಳಿದ್ದು. ಆ ಕಡೆಯ ಮಾತು ಇನ್ನು ನನಗೆ ಬಿಡು.

ನಿನ್ನ ಟ್ರಾನ್ಸ್‌ಕ್ರಿಪ್ಟಿಗೆ ಅಪ್ಪ ಸೋಮವಾರ ಹೋಗಿ ಬಂದರು. ಸೀಲ್ ಮಾಡಿದ ಕವರಿನಲ್ಲೇ ಕಳಿಸಬೇಕು ಅಂತ ಎರಡು ಸಲ ಹೇಳಿ ಬರೆಸಿಕೊಂಡು ಬಂದಿದ್ದಾರೆ. ಹದಿನೈದು ದಿನ ಆಗಬಹುದಂತೆ. ಅಷ್ಟರೊಳಗೆ ಆ ಎರಡು ಪುಟ ಮತ್ತೆ ಬರೆ. ಅಜ್ಜನಿಂದಲೇ ಶುರು ಮಾಡು. ಬರೆದಾದ ಕೂಡಲೇ ಫೋನ್ ಮಾಡಿ ಓದಿ ಹೇಳು. ಇಲ್ಲಿ ನಡುರಾತ್ರಿ ಆದರೂ ಪರವಾಗಿಲ್ಲ. ಫೋನ್ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.

ನಿನ್ನ
ಅಮ್ಮ