ಗ್ವಾಡಲೂಪೆಗೆ ಇಳಿಯುವ ಮುನ್ನ ಕ್ಯುಸೆಕ್ ಕೇಳಿ

ಮಾನ್ಯರೇ,

ಮಗನ ಅಥವಾ ಮಗಳ ಸಂಬಂಧ ಅಮೆರಿಕದ ಮನೆತನದಲ್ಲಿ ಕೂಡಿಬಂದು, ಬೀಗರನ್ನು ನೋಡಲು ಟೆಕ್ಸಾಸ್‌ಗೆ ಹೋಗುವವರು ಈಗ ಅಪರೂಪವಲ್ಲ. ಆಸ್ಟಿನ್, ಸ್ಯಾನ್ ಆಂಟೋನಿಯೊ ಕಡೆಯ ಬೀಗರಾದರೆ ಬೇಸಿಗೆಯಲ್ಲೊಂದು ದಿನ ನ್ಯೂ ಬ್ರೌನ್‌ಫೆಲ್ಸ್‌ಗೆ ಕರೆದೊಯ್ದು, ಮನೆಮಂದಿಯನ್ನೆಲ್ಲ ಗಾಳಿ ಟ್ಯೂಬಿನಲ್ಲಿ ಕೂರಿಸಿ ನದಿಗೆ ಬಿಡುತ್ತಾರೆ. ಒಪ್ಪುವ ಮುನ್ನ ಕೇಳಬೇಕಾದದ್ದು: ಯಾವ ನದಿ, ಇವತ್ತು ಎಷ್ಟು ನೀರು?

ಆ ಊರಿಗೆ ಎರಡು ನದಿ. ಕೊಮಲ್ ಊರೊಳಗೇ ಬುಗ್ಗೆಯಾಗಿ ಹುಟ್ಟಿ, ನಾಲ್ಕು ಕಿ.ಮೀ. ಹರಿದು ಗ್ವಾಡಲೂಪೆಗೆ ಸೇರುತ್ತದೆ. ಬುಗ್ಗೆಯ ನೀರು ವರ್ಷವಿಡೀ ಸುಮಾರು 23 ಡಿಗ್ರಿ. ಹಿರಿಯರು, ಮಕ್ಕಳು ಇದ್ದರೆ ಇದೇ ಸಾಕು. ನಡುವೆ ಅಣೆಯ ಪಕ್ಕದಲ್ಲಿ ಟ್ಯೂಬು ಜಾರುವ ಕಾಂಕ್ರೀಟ್ ಕಾಲುವೆಯೊಂದಿದೆ, ಅಂಜುವವರು ಅಲ್ಲಿ ಎದ್ದು ದಡದಲ್ಲೇ ನಡೆದು ದಾಟಬಹುದು. ಗ್ವಾಡಲೂಪೆ ಹಾಗಲ್ಲ. ಮೇಲಿನ ಕ್ಯಾನ್ಯನ್ ಜಲಾಶಯದಿಂದ ಬಿಟ್ಟಷ್ಟು ನೀರು, ಅದೂ ತಳದಿಂದ ಬರುವ ಕೊರೆಯುವ ನೀರು.

ಜಲಾಶಯದ ಕೆಳಗಿರುವ ಸ್ಯಾಟ್ಲರ್ ಬಳಿಯ ಮಾಪಕದಲ್ಲಿ ಗ್ವಾಡಲೂಪೆಯ ಹರಿವಿನ ಅಂಕಿ ಅಂತರ್ಜಾಲದಲ್ಲಿ ಸಿಗುತ್ತದೆ. ಅಲ್ಲಿ ಸಿಎಫ್‌ಎಸ್ ಎಂದಿರುವುದು ನಮ್ಮ ಕ್ಯುಸೆಕ್ಕೇ, ಸೆಕೆಂಡಿಗೆ 28.3 ಲೀಟರ್. ನಾವು ಎಡವುವುದೂ ಇಲ್ಲೇ. ಕೆಆರ್‌ಎಸ್‌ನಿಂದ ಹತ್ತಾರು ಸಾವಿರ ಕ್ಯುಸೆಕ್ ಬಿಟ್ಟ ಸುದ್ದಿ ಓದಿ ಅಭ್ಯಾಸವಾದವರಿಗೆ ಸಾವಿರ ಎಂದರೆ ಲೆಕ್ಕಕ್ಕೇ ಇಲ್ಲ. ಗ್ವಾಡಲೂಪೆಯ ಪಾತ್ರ ಕಾವೇರಿಗಿಂತ ಬಹಳ ಕಿರಿದು. ಅಷ್ಟೇ ನೀರು ಅಲ್ಲಿ ರಭಸ ಹಿಡಿಯುತ್ತದೆ. ನೂರರ ಆಸುಪಾಸಿನಲ್ಲಿ ಟ್ಯೂಬು ಕಲ್ಲಿಗೆ ಕಚ್ಚಿಕೊಳ್ಳುತ್ತದೆ, ಎಳೆದುಕೊಂಡು ನಡೆಯಬೇಕು. ಇನ್ನೂರು ಮುನ್ನೂರು ಹದ. ಐನೂರು ದಾಟಿದರೆ ಈಜು ಬಾರದವರು ದಡದಲ್ಲಿರುವುದು ಲೇಸು, ಸಾವಿರಕ್ಕೆ ಟ್ಯೂಬಿನ ಮಾತೇ ಬೇಡ. ಮಳೆ ಬಂದಿದ್ದರೆ ಅಣೆಕಟ್ಟೆಯ ಕೆಳಗಿನ ಹಳ್ಳಗಳೂ ನದಿಗೆ ಸೇರುತ್ತವೆ ಎಂಬುದು ನೆನಪಿರಲಿ. 2025ರ ಜುಲೈ 4ರಂದು ಇದೇ ನದಿ, ಜಲಾಶಯಕ್ಕೂ ಮೇಲೆ ಕರ್ ಕೌಂಟಿಯಲ್ಲಿ, ಮುಕ್ಕಾಲು ಗಂಟೆಯಲ್ಲಿ 26 ಅಡಿ ಏರಿತ್ತು.

ಟ್ಯೂಬು ಮಗುಚಿದರೆ ಎಲ್ಲರೂ ಮೊದಲು ಎದ್ದು ನಿಲ್ಲಲು ನೋಡುತ್ತಾರೆ. ಅದೇ ತಪ್ಪು. ಪಾದ ಎರಡು ಕಲ್ಲಿನ ಸಂದಿಗೆ ಸಿಕ್ಕರೆ ಹಿಂದಿನಿಂದ ನೀರು ನೂಕುತ್ತದೆ, ಸೊಂಟದ ಮಟ್ಟದ ನೀರಲ್ಲೇ ಮುಖ ಮುಳುಗುತ್ತದೆ. ಅಂಗಾತ ಮಲಗಿ, ಕಾಲ್ಬೆರಳು ಕಾಣುವಂತೆ ಕಾಲನ್ನು ಹರಿವಿನ ದಿಕ್ಕಿಗೆ ಚಾಚಿ, ಕೈಯಿಂದ ನೀರು ತಳ್ಳುತ್ತ ದಡದತ್ತ ಸರಿಯಬೇಕು. ಗುಂಪು ಚದುರದಿರಲೆಂದು ಟ್ಯೂಬುಗಳನ್ನು ಹಗ್ಗದಿಂದ ಬಿಗಿಯುವುದುಂಟು. ದಡದ ಸೈಪ್ರೆಸ್ ಮರದ ಬೇರಿಗೆ ಹಗ್ಗ ಸಿಕ್ಕಿದರೆ ಇಡೀ ಸಾಲು ನಿಂತು, ಹಿಂದಿನದು ಮುಂದಿನದರ ಮೇಲೇರುತ್ತದೆ. ಪಕ್ಕದ ಟ್ಯೂಬಿನ ಹಿಡಿಕೆ ಹಿಡಿದುಕೊಳ್ಳಿ, ಬೇಕೆನಿಸಿದಾಗ ಬಿಡಲು ಬರುತ್ತದೆ.

ಸೀರೆ, ದುಪಟ್ಟಾ ಬೇಡ. ಹವಾಯಿ ಚಪ್ಪಲಿ ಮೊದಲ ಇಳುಕಲಿಗೇ ತೇಲಿ ಹೋಗುತ್ತದೆ, ಹಿಮ್ಮಡಿಗೆ ಪಟ್ಟಿ ಇರುವುದೇ ಆಗಬೇಕು. ತಣ್ಣೀರಿಗೆ ಬೆರಳು ಸಪೂರವಾಗಿ ಉಂಗುರ ಜಾರುತ್ತದೆ, ಮನೆಯಲ್ಲೇ ಬಿಚ್ಚಿಡಿ. ರಬ್ಬರ್ ಟ್ಯೂಬಾದರೆ ವಾಲ್ವ್ ನೀರಿನ ಕಡೆಗಿರಲಿ, ಇಲ್ಲದಿದ್ದರೆ ಬೆನ್ನು ಗೀರುತ್ತದೆ. ಕಪ್ಪು ರಬ್ಬರಿಗೆ ಕೂರುವ ಮುನ್ನ ನೀರು ಚಿಮುಕಿಸಿ.

ನಗರದ ವ್ಯಾಪ್ತಿಯಲ್ಲಿ ಬಳಸಿ ಎಸೆಯುವ ಕ್ಯಾನ್, ಪ್ಲಾಸ್ಟಿಕ್ ಬಾಟಲಿ, ಪೇಪರ್ ಲೋಟ ನದಿಗೆ ಒಯ್ಯುವಂತಿಲ್ಲ; 2011ರಲ್ಲಿ ಊರಿನವರೇ ಮತ ಹಾಕಿ ಒಪ್ಪಿದ ನಿಯಮ. ನಮ್ಮ ಸ್ಟೀಲ್ ಡಬ್ಬಿಗೆ ಅಡ್ಡಿಯಿಲ್ಲ. ಚಿತ್ರಾನ್ನ ಬೀಗರಿಗೂ ಹಿಡಿಸೀತು.

ಈಜು ಬರುವುದಿಲ್ಲ ಎನ್ನಲು ಬೀಗರೆದುರು ನಾಚಿಕೆ ಪಡುವವರೇ ಹೆಚ್ಚು. ಟ್ಯೂಬು ಬಾಡಿಗೆಗೆ ಕೊಡುವಲ್ಲೇ ಲೈಫ್ ಜಾಕೆಟ್ ಕೇಳಿ ಪಡೆಯಿರಿ. ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಗದ್ದ ದಾಟಿ ಕಿವಿಯವರೆಗೆ ಬಂದರೆ ಅದು ದೊಡ್ಡದು, ಒಂದು ಅಳತೆ ಚಿಕ್ಕದನ್ನು ಕೇಳಿ.

– ಓದುಗರೊಬ್ಬರು, ಮೈಸೂರು