ಲಸಿಕೆಯ ದಿನ ಹಸುವಿನ ಉಸಿರು

ಮಾನ್ಯ ಸಂಪಾದಕರೇ,

ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಮನೆಬಾಗಿಲಿಗೇ ತಂದು ಹಾಕುವ ವ್ಯವಸ್ಥೆ ನಮ್ಮಂಥ ಹೈನುಗಾರರಿಗೆ ದೊಡ್ಡ ಆಸರೆ. ಲಸಿಕೆ ಹಾಕಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಅಹವಾಲು ಅದನ್ನು ಹಾಕುವ ಜಾಗ ಮತ್ತು ರೀತಿಯ ಬಗ್ಗೆ.

ಕಳೆದ ಸುತ್ತಿನಲ್ಲಿ ನಮ್ಮ ಮಿಶ್ರತಳಿ ಹಸುವಿಗೆ, ದಿನವೂ ಹಾಲು ಕರೆಯುವ ಗೂಟದಲ್ಲೇ, ಇಬ್ಬರು ಮೂಗುದಾರ ಜಗ್ಗಿ ಹಿಡಿದು ಸೂಜಿ ಚುಚ್ಚಿದರು. ಅಂದಿನಿಂದ ಅಂಗಳದಲ್ಲಿ ಬೈಕಿನ ಸದ್ದಾದರೆ ಸಾಕು, ಅದು ಮೆಲುಕು ನಿಲ್ಲಿಸಿ ಕಿವಿ ನಿಮಿರಿಸುತ್ತದೆ, ಹೊಳ್ಳೆಗಳು ಅರಳುತ್ತವೆ, ಪಕ್ಕೆ ಬೇಗಬೇಗ ಏರಿಳಿಯುತ್ತದೆ. ತಂಪು ಹೊತ್ತಿನಲ್ಲಿ ನಿಮಿಷಕ್ಕೆ 30ರ ಆಸುಪಾಸಿನಲ್ಲಿರುವ ಉಸಿರು ಆಗ 50 ದಾಟಿದ್ದನ್ನು ನಾನೇ ಎಣಿಸಿದ್ದೇನೆ. ಇನ್ನೂ ಯಾರೂ ಅದನ್ನು ಮುಟ್ಟಿರಲಿಲ್ಲ.

ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಇವಾನ್ ಪಾವ್ಲೊವ್, ಊಟದ ಜೊತೆ ಮತ್ತೆ ಮತ್ತೆ ಕೇಳಿಸಿದ ಸದ್ದಿಗೇ ನಾಯಿಗಳು ಜೊಲ್ಲು ಸುರಿಸುವುದನ್ನು ತೋರಿಸಿಕೊಟ್ಟರು. ನೋವಿನೊಡನೆ ಬೆಸೆದ ಸದ್ದು, ವಾಸನೆ, ಜಾಗಗಳನ್ನು ಕಲಿಯಲು ಪ್ರಾಣಿಗೆ ಅಷ್ಟು ಸಲವೂ ಬೇಕಿಲ್ಲ, ಒಂದೆರಡು ಅನುಭವವೇ ಸಾಕು. ಮಿದುಳಿನ ಅಮಿಗ್ಡಲ ಎಂಬ ಭಾಗ ಆ ಸುಳಿವನ್ನು ಗುರುತಿಸಿದೊಡನೆ ಉಸಿರು, ಎದೆಬಡಿತ ಏರುತ್ತವೆ, ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ. ಹಾಲು ಇಳಿಸುವ ಆಕ್ಸಿಟೋಸಿನ್‌ನ ಕೆಲಸಕ್ಕೆ ಅಡ್ರಿನಲಿನ್ ಅಡ್ಡ ಬರುವುದರಿಂದ, ಕೆಚ್ಚಲು ತುಂಬಿದ್ದರೂ ಹಸು ತೊರೆ ಬಿಡುವುದಿಲ್ಲ. ಬಕೆಟ್ಟಿನ ಸದ್ದಿಗೆ, ಹಿಂಡಿಯ ವಾಸನೆಗೆ ಕರೆಯುವ ಮೊದಲೇ ಹಾಲು ಇಳಿಸುವುದೂ ಇಂಥದೇ ಕಲಿಕೆ. ಇವೆರಡನ್ನೂ ಒಂದೇ ಗೂಟದಲ್ಲಿ ಕಲಸಿಬಿಟ್ಟು, ಲಸಿಕೆಯಿಂದಲೇ ಹಾಲು ಬತ್ತಿತು ಎಂದು ದೂರುವವರು ನಮ್ಮೂರಿನಲ್ಲಿದ್ದಾರೆ. ಲಸಿಕೆಯ ಬಳಿಕ ಒಂದೆರಡು ದಿನ ಹಾಲು ತುಸು ತಗ್ಗುವುದುಂಟು, ಆದರೆ ಹೆದರಿಕೆಯ ಪಾಲನ್ನೂ ಅದರ ತಲೆಗೇ ಕಟ್ಟುವುದು ನ್ಯಾಯವಲ್ಲ.

ರೋಗ ಪತ್ತೆಗೂ ಇದು ಮುಖ್ಯ. ಜ್ವರವೋ ನ್ಯುಮೋನಿಯಾವೋ ಎಂದು ಉಸಿರು ಎಣಿಸುವವರು ಹತ್ತಿರ ಹೋಗುವ ಮೊದಲೇ, ದೂರದಲ್ಲಿ ನಿಂತು ಪಕ್ಕೆಯನ್ನು ನೋಡಿ ಎಣಿಸಬೇಕು. ಇಲ್ಲವಾದರೆ ಎಣಿಕೆಗೆ ಸಿಗುವುದು ರೋಗವಲ್ಲ, ಹೋದ ಸಲದ ನೆನಪು.

ಆದ್ದರಿಂದ ಪಶುಪಾಲನಾ ಇಲಾಖೆಯವರಲ್ಲಿ ನನ್ನ ವಿನಂತಿ ಇಷ್ಟೆ: ಹಾಲು ಕರೆಯುವ ಜಾಗದಿಂದ ಆಚೆ ಕಟ್ಟಿಸಿ, ಮನೆಯವರೇ ಹಗ್ಗ ಹಿಡಿದು ಹಿಂಡಿ ತಿನ್ನಿಸುತ್ತಿರುವಾಗ ಚುಚ್ಚುವಂತೆ ಲಸಿಕೆ ಹಾಕುವವರಿಗೆ ಸೂಚನೆ ಕೊಡಿ. ಅಡಗಿತೆಂದುಕೊಂಡ ಕಲಿಕೆ ಕೆಲವು ದಿನ ಬಿಟ್ಟು ಮರಳುವುದನ್ನು ಪಾವ್ಲೊವ್ ಅವರೇ ಕಂಡಿದ್ದರು, ಹಾಗಾಗಿ ಕರುವಿಗೆ ಹಾಕುವ ಮೊದಲ ಸೂಜಿಯಲ್ಲೇ ಹೆಚ್ಚಿನ ಎಚ್ಚರ ಬೇಕು. ನಮ್ಮ ಕರುವಿಗೆ ಈಗ ನಾಲ್ಕು ತಿಂಗಳು ತುಂಬಿದೆ. ಈ ಸುತ್ತಿನಲ್ಲಿ ಅದನ್ನು ಕೊಟ್ಟಿಗೆಯ ಬದಲು ಹಿತ್ತಲಿನ ಹುಣಸೆ ಮರಕ್ಕೆ ಕಟ್ಟಿ, ಹಿಡಿ ಬೂಸಾ ಕೈಯಲ್ಲಿಟ್ಟುಕೊಂಡು ಕಾಯುತ್ತೇನೆ.

— ಒಬ್ಬ ಹೈನುಗಾರ, ಮಂಡ್ಯ ಜಿಲ್ಲೆ